ಬಾಡಿಗೆ ಕೋವಿಯೂ ಕೋವಿಯೇ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಅಮೆರಿಕದ ಬಂದೂಕುಗಳ ಬಗ್ಗೆ ಬಂದ ಲೇಖನ ಓದಿದೆ. ಅಲ್ಲಿ ಕೋವಿಗೆ ಕಾಯ್ದೆ ಕಾನೂನು ಏನೂ ಇಲ್ಲ, ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಸಿಗುತ್ತದೆ ಎಂಬರ್ಥದ ಮಾತು ಅದರಲ್ಲಿತ್ತು. ನಾನು ಇಲ್ಲಿಗೆ ಬಂದು ಹದಿನೇಳು ವರ್ಷವಾಯಿತು. ಮೊದಲ ಆರು ವರ್ಷ ನ್ಯೂಜೆರ್ಸಿಯಲ್ಲಿದ್ದೆವು, ಆಮೇಲೆ ಟೆಕ್ಸಾಸಿಗೆ ಬಂದೆವು. ಲೇಖಕರು ಬರೆದದ್ದು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದೇ ಮಾತನ್ನು ನಂಬಿಕೊಂಡು ನಮ್ಮ ಮನೆಯ ಹುಡುಗನೊಬ್ಬ ಹೋಗಿ ಹಳ್ಳಕ್ಕೆ ಬೀಳುವುದರಲ್ಲಿದ್ದ. ಅದಕ್ಕೇ ಈ ಪತ್ರ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ವೀಸಾದ ಭಾಗವನ್ನು ಮಾತ್ರ ದಯವಿಟ್ಟು ಉಳಿಸಿ.

ಹೋದ ಆಗಸ್ಟಿನ ಒಂದು ಶನಿವಾರ ಸಂಜೆ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಬಂತು. ಫೋಟೊದಲ್ಲಿ ಇದ್ದವನು ಅಣ್ಣನ ಮಗ, ಇಲ್ಲಿಗೆ ಎಂ.ಎಸ್. ಓದಲು ಬಂದು ಹನ್ನೊಂದು ತಿಂಗಳಾಗಿತ್ತು. ಕಿವಿಗೆ ದೊಡ್ಡ ಕೆಂಪು ಮುಚ್ಚಳ, ಕಣ್ಣಿಗೆ ಹಳದಿ ಕನ್ನಡಕ, ಭುಜಕ್ಕೆ ಆನಿಸಿಕೊಂಡ ಕರಿ ರೈಫಲ್. ಕೊಪ್ಪದಲ್ಲಿ ಆಗಿನ್ನೂ ಬೆಳಗಿನ ಜಾವ. ಹಾಲು ಕರೆಯಲು ಎದ್ದ ಅತ್ತಿಗೆ ಮೊದಲು ನೋಡಿದ್ದು. ಸೂರ್ಯ ಹುಟ್ಟುವ ಹೊತ್ತಿಗೆ ಶೃಂಗೇರಿಯ ಚಿಕ್ಕಪ್ಪ, ಶಿವಮೊಗ್ಗದ ಅತ್ತೆಯ ಮಗಳು, ಬೆಂಗಳೂರಿನ ಭಾವ ಎಲ್ಲರದ್ದೂ ಭೇಷ್ ಭೇಷ್ ಆಯಿತು. ಅಜ್ಜನ ಕೈ ಮೊಮ್ಮಗನಿಗೆ ಬಂದಿದೆ ಎಂದು ಚಿಕ್ಕಪ್ಪ ಬರೆದರು. ನನಗೆ ಮಾತ್ರ ಹೊಟ್ಟೆಯೊಳಗೆ ತಳಮಳ ಶುರುವಾಯಿತು. ಕೂಡಲೇ ಫೋನ್ ಮಾಡಿದೆ.

‘ಯಾರದ್ದೋ ಅದು ಕೋವಿ?’

‘ಶೂಟಿಂಗ್ ರೇಂಜಿನದ್ದು ಅತ್ತೆ, ಗುರಿ ಹೊಡೆಯೋ ಜಾಗದ್ದು. ಬಾಡಿಗೆಗೆ ಕೊಡ್ತಾರೆ, ಅರ್ಧ ಗಂಟೆಗೆ. ನಾನೇನು ಕೊಂಡ್ಕೊಂಡಿಲ್ಲವಲ್ಲ!’

‘ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರಾ?’

‘ಟ್ಯಾಬ್ಲೆಟ್‌ನಲ್ಲಿ ಏನೋ ಬಂತು. ಹಿಂದೆ ಕ್ಯೂ ಇತ್ತು. ಎಲ್ಲದಕ್ಕೂ ನೋ, ನೋ ಅಂತ ಒತ್ತಿದೆ.’

ಈ ‘ನೋ’ದಲ್ಲೇ ಇರುವುದು ವಿಷಯ. ಕೋವಿಯನ್ನು ಯಾರು ಮುಟ್ಟಬಾರದು ಎಂಬ ಒಂದು ಪಟ್ಟಿ ಇಲ್ಲಿನ ಫೆಡರಲ್ ಕಾನೂನಿನಲ್ಲಿದೆ. ಫೆಡರಲ್ ಎಂದರೆ ನಮ್ಮ ಲೆಕ್ಕದಲ್ಲಿ ಕೇಂದ್ರದ ಕಾನೂನು, ಐವತ್ತೂ ರಾಜ್ಯಗಳಿಗೆ ಅನ್ವಯ. ಒಂದು ವರ್ಷಕ್ಕಿಂತ ಹೆಚ್ಚು ಸಜೆಯಾಗಬಹುದಾದ ಅಪರಾಧದಲ್ಲಿ ಶಿಕ್ಷೆಯಾದವರು, ಪೊಲೀಸರಿಗೆ ತಪ್ಪಿಸಿಕೊಂಡು ಓಡಾಡುತ್ತಿರುವವರು, ಕಾನೂನುಬಾಹಿರವಾಗಿ ಮಾದಕ ವಸ್ತು ಸೇವಿಸುವವರು, ಹೆಂಡತಿ ಮಕ್ಕಳಿಗೆ ಹೊಡೆದು ಶಿಕ್ಷೆ ಅನುಭವಿಸಿದವರು, ಇಂಥವರೆಲ್ಲ ಆ ಪಟ್ಟಿಯಲ್ಲಿದ್ದಾರೆ. ಇವರ ಸಾಲಿನಲ್ಲೇ ಇನ್ನೊಂದು ವರ್ಗವಿದೆ: ತಾತ್ಕಾಲಿಕ ವೀಸಾದ ಮೇಲೆ ಒಳಗೆ ಬಂದ ವಿದೇಶಿಯರು. ಓದಲು ಬಂದ ಎಫ್‌1 ಹುಡುಗರು, ಕೆಲಸಕ್ಕೆ ಬಂದ ಎಚ್‌1ಬಿಯವರು, ಅವರ ಹಿಂದೆ ಎಚ್‌4ರಲ್ಲಿ ಬಂದ ನನ್ನಂಥ ಹೆಂಡತಿಯರು, ಮೊಮ್ಮಗುವಿನ ಬಾಣಂತನಕ್ಕೆ ಆರು ತಿಂಗಳು ಬಂದು ಹೋಗುವ ಅಜ್ಜ ಅಜ್ಜಿ, ಎಲ್ಲರೂ ಇದರಲ್ಲಿ ಸೇರಿದರು. ಹತ್ತು ವರ್ಷ ಎಚ್‌1ಬಿಯಲ್ಲಿದ್ದು ಲಕ್ಷಗಟ್ಟಲೆ ಡಾಲರ್ ತೆರಿಗೆ ಕಟ್ಟಿದ್ದರೂ, ಒಂದು ಟ್ರಾಫಿಕ್ ಚೀಟಿಯನ್ನೂ ಪಡೆಯದ ಸಂಭಾವಿತನಾಗಿದ್ದರೂ ಕೋವಿಯ ಮಟ್ಟಿಗೆ ನೀವು ಆ ಕೈದಿಯ ಪಕ್ಕದ ಸಾಲಿನಲ್ಲೇ ನಿಂತಿರುತ್ತೀರಿ. ಗ್ರೀನ್ ಕಾರ್ಡ್ ಬಂದ ದಿನ ಆ ಸಾಲಿನಿಂದ ಈಚೆ ಬರುತ್ತೀರಿ.

ಇನ್ನು ‘ಮುಟ್ಟುವುದು’ ಎಂದರೇನು? ಕೊಳ್ಳುವುದೊಂದೇ ಅಲ್ಲ. ಕಾನೂನಿನ ಕಣ್ಣಿಗೆ ಕೈಯಲ್ಲಿ ಹಿಡಿಯುವುದೂ ಸ್ವಾಧೀನವೇ. ಅರ್ಧ ಗಂಟೆಯ ಬಾಡಿಗೆಯೂ ಸ್ವಾಧೀನವೇ. ಕೋವಿ ಮಾತ್ರವಲ್ಲ, ತೋಟೆಯೂ ಅದರಲ್ಲಿ ಬರುತ್ತದೆ, ಒಂದೇ ಒಂದು ತೋಟೆಯಾದರೂ ಸರಿ. ಶಿಕ್ಷೆ ಮೊದಲು ಹತ್ತು ವರ್ಷದವರೆಗೆ ಇತ್ತು, 2022ರಲ್ಲಿ ಹದಿನೈದಕ್ಕೆ ಏರಿಸಿದರು. ಅದರ ಮೇಲೆ ವಲಸೆ ಕಾನೂನು ಬೇರೆ: ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದ ವಿದೇಶಿಯನನ್ನು ಗಡೀಪಾರು ಮಾಡಬಹುದು. ಗ್ರೀನ್ ಕಾರ್ಡ್ ಇದ್ದವರನ್ನೂ ಅದು ಬಿಡುವುದಿಲ್ಲ.

ಇದೆಲ್ಲ ಪುಸ್ತಕದಲ್ಲಿರುವ ಮಾತು, ರೇಂಜಿಗೆ ಹೋದ ಹುಡುಗನನ್ನು ಯಾರು ಹಿಡಿಯುತ್ತಾರೆ ಎಂದು ನೀವು ಕೇಳಬಹುದು. ಅಣ್ಣನೂ ಕೇಳಿದ. ಹಿಡಿದಿದ್ದಾರೆ. ಹಮೀದ್ ರೆಹೈಫ್ ಎಂಬಾತ ಯುಎಇಯಿಂದ ಫ್ಲೋರಿಡಾಕ್ಕೆ ಓದಲು ಬಂದಿದ್ದ. ಅಂಕ ಬರಲಿಲ್ಲವೆಂದು ವಿಶ್ವವಿದ್ಯಾಲಯ ಅವನನ್ನು ಹೊರಗೆ ಹಾಕಿತು. ಅಲ್ಲಿಗೆ ವೀಸಾದ ಆಧಾರವೂ ಹೋಯಿತು. ಅವನು ಊರಿಗೆ ವಾಪಸಾಗದೆ ಉಳಿದ, ಒಂದು ರೇಂಜಿಗೆ ಹೋಗಿ ಎರಡು ಕೋವಿಗಳಲ್ಲಿ ಗುಂಡು ಹೊಡೆದ. ಆತ ಬ್ಯಾಂಕಿಗೆ ನುಗ್ಗಿದವನಲ್ಲ, ಯಾರನ್ನೋ ಹೆದರಿಸಿದವನೂ ಅಲ್ಲ. ಕಾಗದದ ಗುರಿಗೆ ಹೊಡೆದದ್ದಕ್ಕೆ ಅವನಿಗೆ ಹದಿನೆಂಟು ತಿಂಗಳ ಸಜೆಯಾಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2019ರ ಜೂನ್‌ನಲ್ಲಿ ತೀರ್ಪು ಬಂತು. ಕೋವಿ ಹಿಡಿದದ್ದನ್ನು ತೋರಿಸಿದರೆ ಸಾಲದು, ತಾನು ಆ ನಿಷೇಧದ ವರ್ಗಕ್ಕೆ ಸೇರಿದವನೆಂದು ಅವನಿಗೆ ಗೊತ್ತಿತ್ತು ಎಂಬುದನ್ನೂ ಸರ್ಕಾರ ಸಾಬೀತು ಮಾಡಬೇಕು ಎಂದಿತು ಕೋರ್ಟು. ಅವನಿಗೆ ಅದು ನೆಮ್ಮದಿಯ ತೀರ್ಪು. ಆದರೆ ನಮ್ಮ ಹುಡುಗರಿಗೆ ಅದರಿಂದ ಎಷ್ಟು ಉಪಕಾರ? ತಾನು ಎಫ್‌1 ವೀಸಾದಲ್ಲಿದ್ದೇನೆ ಎಂದು ಗೊತ್ತಿಲ್ಲದ ವಿದ್ಯಾರ್ಥಿ ಎಲ್ಲಿದ್ದಾನೆ!

ಒಂದು ವಿನಾಯಿತಿ ಇದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸನ್ಸ್ ಇದ್ದರೆ ತಾತ್ಕಾಲಿಕ ವೀಸಾದವರಿಗೂ ಈ ಅಡ್ಡಿ ಇಲ್ಲ. ವಿಚಿತ್ರವಾಗಿ ಕಾಣುತ್ತದೆ ಅಲ್ಲವೇ? ಜಿಂಕೆ ಹೊಡೆಯುವವನಿಗೆ ರಿಯಾಯಿತಿ, ಕಾಗದ ಹೊಡೆಯುವವನಿಗೆ ಇಲ್ಲ. ಹೊರದೇಶದಿಂದ ಬೇಟೆಗೆಂದೇ ಬರುವವರಿಗೆ ಮಾಡಿದ ಅನುಕೂಲ ಇದು. ಇಲ್ಲಿನ ಕೆಲವು ನಮ್ಮ ಹುಡುಗರು ಇದನ್ನು ತಿಳಿದುಕೊಂಡು ಲೈಸನ್ಸ್ ಮಾಡಿಸಿಕೊಂಡೇ ರೇಂಜಿಗೆ ಹೋಗುತ್ತಾರೆ. ಅಣ್ಣನ ಮಗನ ಹತ್ತಿರ ಅದೂ ಇರಲಿಲ್ಲ. ಇನ್ನೊಂದು, ಗ್ರೀನ್ ಕಾರ್ಡ್ ಇರುವ ಮಾವಂದಿರು, ಅಣ್ಣಂದಿರು ಗಮನಿಸಬೇಕಾದದ್ದು: ಹೀಗೆ ನಿಷೇಧವಿರುವವನೆಂದು ಗೊತ್ತಿದ್ದೂ ಅವನಿಗೆ ಕೋವಿ ಕೊಟ್ಟರೆ ಕೊಟ್ಟವನ ಮೇಲೂ ಕೇಸು. ಊರಿಂದ ಬಂದ ಮಾವನವರನ್ನು ಖುಷಿಪಡಿಸಲು ಗುರಿ ಹೊಡೆಯುವಲ್ಲಿಗೆ ಕರೆದುಕೊಂಡು ಹೋಗುವ ಅಳಿಯಂದಿರನ್ನು ನಾನೇ ಕಂಡಿದ್ದೇನೆ.

ಫೋನಿನ ಕೊನೆಯಲ್ಲಿ ಅವನು ಮೆಲ್ಲಗೆ ಹೇಳಿದ, ‘ಅತ್ತೆ, ನೆನಪಿಗೆ ಅಂತ ಒಂದು ತೋಟೆ ಜೇಬಲ್ಲಿ ಹಾಕ್ಕೊಂಡು ಬಂದಿದೀನಿ.’ ಹಿತ್ತಾಳೆಯದು, ಹೊಳೆಯುವಂಥದ್ದು, ಕಿರುಬೆರಳಷ್ಟು ಉದ್ದ. ಓದುವ ಮೇಜಿನ ಮೇಲೆ ಗಣಪತಿಯ ಪಕ್ಕ ನಿಲ್ಲಿಸಿದ್ದನಂತೆ. ಡಿಸೆಂಬರ್ ರಜೆಗೆ ಊರಿಗೆ ಹೋಗುವಾಗ ತಂದೆಗೆ ತೋರಿಸುವ ಯೋಚನೆಯೂ ಇತ್ತಂತೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಯಂತ್ರದ ಮುಂದೆ ಅದು ಸಿಕ್ಕಿದ್ದರೆ ನಮ್ಮ 1959ರ ಆಯುಧ ಕಾಯ್ದೆಯೂ ಅವನ ಮೇಲೆ ಎರಗುತ್ತಿತ್ತು. ಚೀಲದಲ್ಲಿ ಮರೆತು ಉಳಿದ ಒಂದು ತೋಟೆಗೆ ಠಾಣೆ, ಜಾಮೀನು, ಹೈಕೋರ್ಟು ಎಂದು ಅಲೆದವರು ನಮ್ಮ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದು ಇದೆಯೆಂದೇ ಗೊತ್ತಿರಲಿಲ್ಲ ಎಂದು ತೋರಿಸಿಕೊಟ್ಟರೆ ಕೋರ್ಟು ಬಿಡುತ್ತದೆ. ಗಣಪತಿಯ ಪಕ್ಕ ನಿಲ್ಲಿಸಿದ್ದವನು ಏನೆಂದು ತೋರಿಸಿಕೊಡಬೇಕು? ಅವನ ಜತೆ ಹೋಗಿದ್ದ, ಇಲ್ಲೇ ಹುಟ್ಟಿ ಬೆಳೆದ ಗೆಳೆಯ ಅದೇ ರಾತ್ರಿ ಬಂದು ತೆಗೆದುಕೊಂಡು ಹೋದ. ವಲಸೆ ವಕೀಲರೊಬ್ಬರನ್ನೂ ಕೇಳಿದೆವು. ಮತ್ತೆ ಆ ಕಡೆ ಸುಳಿಯಬೇಡ ಎಂದರು. ವೀಸಾ ಕೇಳುವ ವಿದ್ಯಾರ್ಥಿಗಳ ಸಾಮಾಜಿಕ ಜಾಲತಾಣದ ಖಾತೆಗಳನ್ನೂ 2025ರಿಂದ ತೆರೆದು ನೋಡುತ್ತಾರೆ ಎಂಬುದನ್ನೂ ನೆನಪಿಸಿದರು. ಇಷ್ಟು ಮಾತಿಗೆ ಮುನ್ನೂರು ಡಾಲರ್.

ನಾನು ಕೋವಿ ಕಂಡು ಬೆದರುವವಳೇನಲ್ಲ, ಕೋವಿ ಇದ್ದ ಮನೆಯಲ್ಲೇ ಹುಟ್ಟಿದವಳು. ಅಪ್ಪಯ್ಯನದು ಕೇಪಿನ ಕೋವಿ, ಬೆಳೆ ರಕ್ಷಣೆಯ ಲೈಸನ್ಸಿನದು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಆಮೇಲೆ ಚರೆ, ಮತ್ತೆ ನಾರು. ಇಷ್ಟಾಗುವುದರೊಳಗೆ ಹಂದಿ ಗದ್ದೆ ಮುಗಿಸಿ ಮನೆಗೆ ಹೋಗಿರುತ್ತಿತ್ತು. ಬರೀ ಸದ್ದಿಗೆ ಅಡಿಕೆ ತೋಟದ ಮಂಗ ಎರಡು ದಿನ ದೂರವಿದ್ದರೆ ಅದೇ ಲಾಭ. ಆ ಬಡ ಕೋವಿಗೆ ಕಾಗದಪತ್ರ ಎಷ್ಟು! ನವೀಕರಣಕ್ಕೆ ಅಲೆದಾಟ, ಪೊಲೀಸ್ ವರದಿ, ಚುನಾವಣೆ ಘೋಷಣೆಯಾದ ಕೂಡಲೇ ಠಾಣೆಗೆ ಜಮಾ. ಗೋಣಿಯಲ್ಲಿ ಸುತ್ತಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೊಂಡೊಯ್ದು, ರಸೀದಿ ತಂದು ದೇವರ ಗೂಡಿನಲ್ಲಿಡುತ್ತಿದ್ದರು. ಆದರೆ ಒಂದು ಸುಖವಿತ್ತು: ಕಾನೂನು ಒಂದೇ. ಆಯುಧಗಳ ವಿಷಯ ನಮ್ಮ ಸಂವಿಧಾನದಲ್ಲಿ ಕೇಂದ್ರ ಪಟ್ಟಿಗೆ ಸೇರಿದ್ದು. ಲೈಸನ್ಸಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನವರಿಗಿರುವ ವಿನಾಯಿತಿಯನ್ನು ಕೊಟ್ಟದ್ದೂ ಕೇಂದ್ರವೇ. 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿದ್ದೂ ಕೇಂದ್ರವೇ. ಅಪ್ಪಯ್ಯನಿಗೆ ಡಿ.ಸಿ. ಕಚೇರಿಯ ಆಚೆ ಎರಡನೆಯ ಕಾನೂನಿನ ಗೊಡವೆ ಇರಲಿಲ್ಲ.

ಇಲ್ಲಿ ಹಾಗಲ್ಲ. ಆಯುಧ ಇಟ್ಟುಕೊಳ್ಳುವ ಹಕ್ಕಿನ ಬಗ್ಗೆ ಹೇಳುವ 1791ರ ಎರಡನೇ ತಿದ್ದುಪಡಿ ಸಂವಿಧಾನದಲ್ಲೇ ಕೂತಿದೆ. ಅದು ವ್ಯಕ್ತಿಗೆ ಸೇರಿದ ಹಕ್ಕು ಎಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದ್ದು 2008ರಲ್ಲಿ. ಅದರ ಕೆಳಗೆ ಕೇಂದ್ರದ ಕಾನೂನುಗಳು: ಮೆಷಿನ್‌ಗನ್ನು, ಮೋಟು ನಳಿಗೆಯ ಕೋವಿಗಳ ಮೇಲೆ 1934ರದು, ಅಂಗಡಿಗಳಿಗೆ ಲೈಸನ್ಸ್ ಕಡ್ಡಾಯ ಮಾಡಿ, ಯಾರಿಗೆ ಮಾರಬಾರದೆಂದು ಹೇಳಿದ್ದು 1968ರದು, ಕೊಳ್ಳುವವನ ಹಿನ್ನೆಲೆ ನೋಡಬೇಕೆಂದು 1993ರದು. ಅದರ ಕೆಳಗೆ ಐವತ್ತು ರಾಜ್ಯಗಳ ಐವತ್ತು ಬಗೆ. ಕೇಂದ್ರ ಹಾಕಿದ್ದು ತಳಪಾಯ ಮಾತ್ರ, ಮೇಲೆ ಯಾರು ಎಷ್ಟು ಗೋಡೆ ಕಟ್ಟಿಕೊಂಡರು ಎಂಬುದು ಅವರವರಿಗೆ ಬಿಟ್ಟದ್ದು.

ನ್ಯೂಜೆರ್ಸಿಯವರು ಕಟ್ಟಿದ್ದು ಕೋಟೆ. ನಾವು ಎಡಿಸನ್ನಿನಲ್ಲಿದ್ದಾಗ ಎದುರು ಮನೆಯ ಗುಜರಾತಿ ಅಂಕಲ್, ಅಂಗಡಿ ಇಟ್ಟಿದ್ದವರು, ಕೋವಿ ಕೊಳ್ಳಬೇಕೆಂದು ಅರ್ಜಿ ಹಾಕಿದರು. ಅಲ್ಲಿ ಮೊದಲು ಪೊಲೀಸರಿಂದ ಒಂದು ಗುರುತಿನ ಚೀಟಿ ಪಡೆಯಬೇಕು, ಬೆರಳಚ್ಚು ಕೊಡಬೇಕು, ಪರಿಚಯದ ಇಬ್ಬರ ಹೆಸರು ಕೊಡಬೇಕು. ಆ ಇಬ್ಬರಲ್ಲಿ ಒಬ್ಬಳು ನಾನು! ಒಂದು ದಿನ ಪೊಲೀಸ್ ಇಲಾಖೆಯಿಂದ ಲಕೋಟೆ ಬಂತು. ಒಡೆಯುವಾಗ ಕೈ ನಡುಗಿತು. ಪೊಲೀಸರ ಕಾಗದ ಎಂದರೆ ಏನೆಂದು ಗೊತ್ತಿದ್ದ ಮನೆಯವಳಲ್ಲವೇ. ಇವರನ್ನು ಎಷ್ಟು ಕಾಲದಿಂದ ಬಲ್ಲಿರಿ, ಕುಡಿತದ ಚಟ ಉಂಟೇ, ಮಾನಸಿಕ ತೊಂದರೆ ಕಂಡಿದ್ದೀರಾ, ಹೀಗೆ ಪ್ರಶ್ನೆಗಳು. ಆಗ ಎಚ್‌4ರಲ್ಲಿದ್ದ ನಾನು ಕೋವಿ ಮುಟ್ಟುವ ಹಾಗಿರಲಿಲ್ಲ, ಮುಟ್ಟುವವನ ಗುಣನಡತೆಗೆ ಸಾಕ್ಷಿ ಹೇಳಬಹುದಿತ್ತು. ಪ್ರತಿಯೊಂದು ಪಿಸ್ತೂಲಿಗೂ ಮತ್ತೆ ಬೇರೆಯೇ ಪರ್ಮಿಟ್, ಮೂವತ್ತು ದಿನಕ್ಕೆ ಒಂದೇ ಪಿಸ್ತೂಲು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋಗುವ ಮಾತಂತೂ ಆಗ ಎತ್ತುವಂತೆಯೇ ಇರಲಿಲ್ಲ. ನಿಮಗೆ ಅದರ ಅಗತ್ಯ ಏನೆಂದು ತೋರಿಸಿಕೊಡಬೇಕಿತ್ತು, ಅಂಗಡಿ ಇದೆ ಎಂಬುದು ಅಗತ್ಯವಾಗುತ್ತಿರಲಿಲ್ಲ. 2022ರ ಜೂನ್‌ನಲ್ಲಿ ನ್ಯೂಯಾರ್ಕಿನ ಇಂಥದ್ದೇ ಹಳೆಯ ಕಾನೂನನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ ಮೇಲೆ ನ್ಯೂಜೆರ್ಸಿಯೂ ಆ ಷರತ್ತು ಕೈಬಿಟ್ಟಿತು. ಆದರೆ ಅದೇ ಡಿಸೆಂಬರಿನಲ್ಲಿ ಹೊಸ ಕಾನೂನು ತಂದು, ಹೊರಗೆ ಕೊಂಡೊಯ್ಯುವ ಪರ್ಮಿಟ್ಟಿಗೆ ಮೂವರ ಬದಲು ನಾಲ್ವರ ಶಿಫಾರಸು, ತರಬೇತಿ, ಹೆಚ್ಚಿನ ಶುಲ್ಕ, ಹೋಗಬಾರದ ಜಾಗಗಳ ಮಾರುದ್ದದ ಪಟ್ಟಿ ಎಲ್ಲ ಸೇರಿಸಿತು. ಆ ಪಟ್ಟಿಯ ಮೇಲಿನ ಜಗಳ ಕೋರ್ಟಿಗೂ ಹೋಯಿತು.

ಟೆಕ್ಸಾಸಿಗೆ ಬಂದರೆ ಇನ್ನೊಂದು ಲೋಕ. 2021ರ ಸೆಪ್ಟೆಂಬರ್ 1ರಿಂದ ಇಲ್ಲಿ 21 ವರ್ಷ ತುಂಬಿದ, ಬೇರೆ ಕಾನೂನಿನ ಅಡ್ಡಿ ಇಲ್ಲದ ಯಾರೇ ಆದರೂ ಪಿಸ್ತೂಲು ಇಟ್ಟುಕೊಂಡು ಓಡಾಡಲು ಲೈಸನ್ಸ್ ಬೇಕಿಲ್ಲ. ನಿಮ್ಮ ಲೇಖಕರು ಬಹುಶಃ ಇದನ್ನು ಕೇಳಿ ಇಡೀ ದೇಶಕ್ಕೆ ಹಚ್ಚಿದ್ದಾರೆ. ಹಾಗಿದ್ದೂ ನಲವತ್ತು ಡಾಲರ್ ಕಟ್ಟಿ ಲೈಸನ್ಸ್ ಮಾಡಿಸುವವರು ಇಲ್ಲಿ ಈಗಲೂ ಇದ್ದಾರೆ. ಯಾಕೆ ಗೊತ್ತೇ? ಶಾಲೆಯಿಂದ ಸಾವಿರ ಅಡಿಯೊಳಗೆ ಕೋವಿ ತರಬಾರದು ಎಂದು ಕೇಂದ್ರದ ಕಾನೂನೊಂದಿದೆ, ಆ ರಾಜ್ಯದ ಲೈಸನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ. ಲೈಸನ್ಸೇ ಬೇಡ ಎಂದು ರಾಜ್ಯ ಹೇಳಿತು. ಲೈಸನ್ಸಿಲ್ಲದವನು ತುಂಬಿದ ಪಿಸ್ತೂಲು ಇಟ್ಟುಕೊಂಡು ಶಾಲೆಯ ಮುಂದಿನ ರಸ್ತೆಯಲ್ಲಿ ಕಾರು ಓಡಿಸಿದರೆ ಕೇಂದ್ರದ ಲೆಕ್ಕಕ್ಕೆ ಅಪರಾಧಿ. ಈ ಶಾಲೆಯ ಕಾನೂನಿಗೇ ಒಂದು ಕತೆ ಇದೆ, ಅದೂ ಟೆಕ್ಸಾಸಿನದೇ. ಸ್ಯಾನ್ ಆಂಟೋನಿಯೊದ ಹೈಸ್ಕೂಲು ಹುಡುಗನೊಬ್ಬ 1992ರಲ್ಲಿ ಶಾಲೆಗೆ ಪಿಸ್ತೂಲು ತಂದು ಸಿಕ್ಕಿಬಿದ್ದ. ಶಾಲೆಯ ಅಂಗಳದ ಉಸಾಬರಿ ಕೇಂದ್ರಕ್ಕೆ ಏಕೆ ಎಂದು 1995ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನೇ ರದ್ದು ಮಾಡಿತು. ಮರುವರ್ಷ ಸಂಸತ್ತು ಒಂದು ಸಾಲು ಸೇರಿಸಿ ಮತ್ತೆ ತಂದಿತು: ರಾಜ್ಯದಿಂದ ರಾಜ್ಯಕ್ಕೆ ವ್ಯಾಪಾರದಲ್ಲಿ ಸಾಗಿಬಂದ ಕೋವಿಗೆ ಇದು ಅನ್ವಯ ಎಂದು. ಯಾವ ಕೋವಿ ಸಾಗಿಬಂದಿರುವುದಿಲ್ಲ ಹೇಳಿ. ಅಣ್ಣನ ಮಗನ ಬಾಡಿಗೆ ಕೋವಿಯ ಮೇಲೂ ಕೇಂದ್ರದ ಕೈ ಚಾಚುವುದು ಇದೇ ದಾರಿಯಿಂದ.

ಟೆಕ್ಸಾಸಿನಲ್ಲಿ ಕೋವಿ ಬೇಡವೆನ್ನುವ ಹಕ್ಕು ಜಾಗದ ಮಾಲೀಕರಿಗಿದೆ, ಆದರೆ ಬಾಗಿಲಿಗೆ ಬೋರ್ಡು ಹಾಕಬೇಕು. ‘30.06’, ‘30.07’ ಎಂದು ಸೆಕ್ಷನ್ ಸಂಖ್ಯೆಯಿಂದಲೇ ಅವುಗಳನ್ನು ಕರೆಯುತ್ತಾರೆ. ಬಚ್ಚಿಟ್ಟುಕೊಂಡು ಬರುವ ಲೈಸನ್ಸ್‌ದಾರನಿಗೆ ಒಂದು, ಕಾಣುವಂತೆ ಬರುವವನಿಗೆ ಇನ್ನೊಂದು. ಒಕ್ಕಣೆ ಕಾನೂನಿನಲ್ಲಿರುವಂತೆಯೇ ಇರಬೇಕು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಒಂದು ಇಂಚಿಗೆ ಕಡಿಮೆ ಇರಬಾರದು. ಬಾಗಿಲಿನ ಅರ್ಧ ಗಾಜು ಅದೇ ತಿನ್ನುತ್ತದೆ. ಇಲ್ಲಿನ ನಮ್ಮ ಕನ್ನಡದವರ ಗುಂಪು ಹಬ್ಬಕ್ಕೆ ಒಂದು ಹಾಲ್ ಬಾಡಿಗೆ ಹಿಡಿಯುತ್ತದೆ. ಆಯುಧ ಪೂಜೆಗೆ ಮುಂಚಿನ ಸಮಿತಿ ಸಭೆಯಲ್ಲಿ ಸುತ್ತೋಲೆ ಓದಿದೆ: ಕಾರು, ಲ್ಯಾಪ್‌ಟಾಪು, ಅಡುಗೆಮನೆಯ ಚಾಕು, ಸ್ಕ್ರೂಡ್ರೈವರ್ ತರಬಹುದು. ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಇಪ್ಪತ್ತೈದು ವರ್ಷದಿಂದ ಇಲ್ಲಿದ್ದು ಪೌರರಾದವರು, ಲೈಸನ್ಸೂ ಇರುವವರು. ‘ಅಲ್ಲ ಮೇಡಂ, ಆಯುಧ ಪೂಜೆಗೆ ಲ್ಯಾಪ್‌ಟಾಪ್ ತರಬಹುದು, ಆಯುಧ ತರಬಾರದು ಅಂದ್ರೆ ಏನರ್ಥ?’ ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ತಮಾಷೆಯದಲ್ಲ. ಗುಡಿ ಚರ್ಚುಗಳಿಗೆ ಕೋವಿ ತರುವುದಕ್ಕೆ ಇದ್ದ ಅಡ್ಡಿಯನ್ನು ಟೆಕ್ಸಾಸ್ 2019ರಲ್ಲೇ ತೆಗೆದುಹಾಕಿತು. ಬೇಡವಾದರೆ ಗುಡಿಯವರೇ ಬೋರ್ಡು ಹಾಕಿಕೊಳ್ಳಬೇಕು, ಅಥವಾ ಬಾಯಿಬಿಟ್ಟು ಹೇಳಬೇಕು. ಹಾಲಿನ ಮಾಲೀಕರು ಬೋರ್ಡು ಹಾಕಿರಲಿಲ್ಲ. ಮುಕ್ಕಾಲು ಗಂಟೆ ಚರ್ಚೆಯಾಗಿ, ಬಾಡಿಗೆಯ ದಿನದ ಮಟ್ಟಿಗೆ ನಾವೇ ಎರಡು ಬೋರ್ಡು ಅಚ್ಚು ಹಾಕಿಸಿ ತೂಗುಹಾಕುವುದೆಂದು ತೀರ್ಮಾನವಾಯಿತು. ಕನ್ನಡದಲ್ಲೂ ಬರೆಸೋಣ ಎಂದರು ಒಬ್ಬರು. ಬರೆಸಬಹುದು, ಕಾನೂನಿಗೆ ಲೆಕ್ಕವಿಲ್ಲ. ಆದರೂ ಕೆಳಗೆ ಸಣ್ಣದಾಗಿ ಬರೆಸಿದೆವು.

ಆ ಪ್ರಶ್ನೆ ಕೇಳಿದವರ ಮನಸ್ಸಿಗೆ ನೋವಾಗಬಾರದೆಂದು ಇದನ್ನೂ ಹೇಳಬೇಕು: ಅವರ ಕಾಳಜಿ ಪೂಜೆಯದಷ್ಟೇ ಆಗಿರಲಿಲ್ಲ. ನಮ್ಮ ರಾಜ್ಯದ ಸದರ್ಲೆಂಡ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ 2017ರ ನವೆಂಬರ್ 5ರ ಭಾನುವಾರ ಒಬ್ಬ ಗುಂಡು ಹಾರಿಸಿದ. 26 ಜನ ಸತ್ತರು, ಅದರಲ್ಲಿ ಹುಟ್ಟದ ಕೂಸೊಂದು. ಜನ ಸೇರುವ ಜಾಗದಲ್ಲಿ ನಮ್ಮವರೊಬ್ಬರ ಹತ್ತಿರ ಕೋವಿ ಇರಲಿ ಎನ್ನುವವರು ಆ ದಿನವನ್ನು ನೆನೆಸಿಕೊಂಡೇ ಹಾಗೆನ್ನುವುದು. ನನಗೆ ಆ ಘಟನೆಯಲ್ಲಿ ಕಾಣುವುದು ಬೇರೆ. ಗುಂಡು ಹೊಡೆದವನು ಮೊದಲು ವಾಯುಪಡೆಯಲ್ಲಿದ್ದು, ಹೆಂಡತಿಗೂ ಮಗುವಿಗೂ ಹೊಡೆದು ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದ್ದವನು. ಕೇಂದ್ರದ ಕಾನೂನಿನ ಪ್ರಕಾರ ಅವನಿಗೆ ಯಾವ ಅಂಗಡಿಯೂ ಕೋವಿ ಮಾರಕೂಡದು. ಅಂಗಡಿಯವರು ಎಫ್‌ಬಿಐನ ದಾಖಲೆ ನೋಡಿಯೇ ಮಾರಿದರು. ಆ ದಾಖಲೆಯಲ್ಲಿ ಅವನ ಹೆಸರೇ ಇರಲಿಲ್ಲ, ವಾಯುಪಡೆ ಕಳಿಸಿರಲಿಲ್ಲ. ಆಮೇಲೆ ಫೆಡರಲ್ ನ್ಯಾಯಾಧೀಶರೊಬ್ಬರು ಹೊಣೆಯಲ್ಲಿ ನೂರಕ್ಕೆ 60 ಪಾಲನ್ನು ಸರ್ಕಾರದ ತಲೆಗೇ ಕಟ್ಟಿದರು. ಕಳಿಸಬೇಕಾದ ಕಾಗದವನ್ನು ಯಾರೂ ಕಳಿಸಲಿಲ್ಲ. ಠಾಣೆಯ ರಸೀದಿಯನ್ನು ದೇವರ ಗೂಡಿನಲ್ಲಿಡುತ್ತಿದ್ದ ಅಪ್ಪಯ್ಯನನ್ನು ಕಂಡು ನಾವು ನಗುತ್ತಿದ್ದೆವು.

ನಿಮ್ಮ ಲೇಖಕರ ಮಾತಿನಲ್ಲಿ ನಿಜ ಇರುವ ಕಡೆ ಯಾವುದೆಂದರೆ ಖಾಸಗಿ ಮಾರಾಟ. ಅಂಗಡಿಯಲ್ಲಿ ಕೊಂಡರೆ ಫಾರ್ಮು ತುಂಬಬೇಕು, ಪೌರತ್ವ ಯಾವುದು, ವೀಸಾ ಯಾವುದು ಎಲ್ಲ ಬರೆಯಬೇಕು. ನಿಮ್ಮ ರಾಜ್ಯ ಗಾಂಜಾಕ್ಕೆ ಒಪ್ಪಿಗೆ ಕೊಟ್ಟಿದ್ದರೂ ಕೇಂದ್ರ ಕೊಟ್ಟಿಲ್ಲ ಎಂಬ ಎಚ್ಚರಿಕೆಯನ್ನೂ ಅದರಲ್ಲಿ ಅಚ್ಚು ಹಾಕಿದ್ದಾರೆ. ತನಿಖೆಯ ಉತ್ತರ ಮೂರು ಕೆಲಸದ ದಿನಗಳಲ್ಲಿ ಬಾರದಿದ್ದರೆ ಕೇಂದ್ರದ ಕಾನೂನು ಅಂಗಡಿಯವನಿಗೆ ಮಾರಲು ಬಿಡುತ್ತದೆ. 2015ರಲ್ಲಿ ಚಾರ್ಲ್‌ಸ್ಟನ್ನಿನ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನಿಗೆ ಕೋವಿ ಸಿಕ್ಕಿದ್ದು ಹಾಗೆ. ಇನ್ನು ಟೆಕ್ಸಾಸಿನ ಒಬ್ಬ ಸಾಮಾನ್ಯ ಮನುಷ್ಯ ಟೆಕ್ಸಾಸಿನದೇ ಇನ್ನೊಬ್ಬನಿಗೆ ತನ್ನ ಹಳೆಯ ಕೋವಿ ಮಾರಿದರೆ ಫಾರ್ಮೂ ಇಲ್ಲ, ತನಿಖೆಯೂ ಇಲ್ಲ. ನ್ಯೂಜೆರ್ಸಿಯಲ್ಲಿ ಅದಕ್ಕೂ ಕಾಗದ ಬೇಕು. ಇದು ದೊಡ್ಡ ತೂತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಈ ತೂತು ಮುಚ್ಚಬೇಕೆಂದು ಇಲ್ಲಿನವರೇ ಎಷ್ಟೋ ಜನ ಕೂಗುತ್ತಿದ್ದಾರೆ.

ರಾಜ್ಯದ ಗಡಿ ದಾಟುವಾಗ ಏನಾಗುತ್ತದೆ ಎಂಬುದನ್ನು ಹೇಳದೆ ಮುಗಿಸಲಾರೆ, ಏಕೆಂದರೆ ನಮ್ಮವರು ಕೆಲಸ ಬದಲಾದಾಗಲೆಲ್ಲ ಸಾಮಾನು ಕಟ್ಟಿಕೊಂಡು ಗಡಿ ದಾಟುವವರೇ. ಫಿಲಡೆಲ್ಫಿಯಾದ ಇಬ್ಬರು ಮಕ್ಕಳ ತಾಯಿಯೊಬ್ಬಳು 2013ರಲ್ಲಿ ಪೆನ್ಸಿಲ್ವೇನಿಯಾದ ಲೈಸನ್ಸ್ ಇರುವ ಪಿಸ್ತೂಲನ್ನು ಇಟ್ಟುಕೊಂಡೇ ಪಕ್ಕದ ನ್ಯೂಜೆರ್ಸಿಗೆ ಕಾರಿನಲ್ಲಿ ಹೋದಳು. ನದಿಯ ಸೇತುವೆ ದಾಟಿದರೆ ನ್ಯೂಜೆರ್ಸಿ. ಟ್ರಾಫಿಕ್ ಪೊಲೀಸ್ ನಿಲ್ಲಿಸಿದಾಗ ಪಾಪ ತಾನಾಗಿಯೇ ಹೇಳಿದಳು, ನನ್ನ ಹತ್ತಿರ ಪಿಸ್ತೂಲಿದೆ, ಇಗೋ ಲೈಸನ್ಸ್ ಎಂದು. ನ್ಯೂಜೆರ್ಸಿಯಲ್ಲಿ ಆ ಲೈಸನ್ಸಿಗೆ ಮೂರು ಕಾಸಿನ ಬೆಲೆಯಿಲ್ಲ. ಕನಿಷ್ಠ ಮೂರೂವರೆ ವರ್ಷದ ಜೈಲು ಕಣ್ಣೆದುರಿಗೆ ಬಂದು ನಿಂತಿತು. ಸುದ್ದಿಯಾಯಿತು, ಗದ್ದಲವಾಯಿತು, ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಎಲ್ಲರಿಗೂ ಗವರ್ನರ್ ಸಿಗುವುದಿಲ್ಲ. ದಾರಿಯಲ್ಲಿ ಹಾದುಹೋಗುವವರಿಗೆಂದು ಕೇಂದ್ರದ 1986ರ ಕಾನೂನಿನಲ್ಲಿ ಒಂದು ರಕ್ಷಣೆ ಇದೆ: ಹೊರಟ ಜಾಗದಲ್ಲೂ ಸೇರುವ ಜಾಗದಲ್ಲೂ ನಿಮಗೆ ಹಕ್ಕಿದ್ದರೆ, ಗುಂಡು ತೆಗೆದು, ಕೈಗೆಟುಕದ ಹಾಗೆ ಡಿಕ್ಕಿಯಲ್ಲಿಟ್ಟು ನಡುವಿನ ರಾಜ್ಯ ದಾಟಬಹುದು. ಡಿಕ್ಕಿಯಿಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಅದೂ ಡ್ಯಾಶ್‌ಬೋರ್ಡಿನ ಖಾನೆಯಲ್ಲಲ್ಲ. ಆಕೆ ಹೋಗಿದ್ದು ಹಾದುಹೋಗಲಿಕ್ಕಲ್ಲ, ನ್ಯೂಜೆರ್ಸಿಗೇ.

ನನ್ನ ಕೋರಿಕೆ ನಿಮ್ಮಲ್ಲೂ ಓದುಗರಲ್ಲೂ ಒಂದೇ. ಅಮೆರಿಕದಲ್ಲಿ ಗುಂಡು ಹಾರಿದಾಗಲೆಲ್ಲ ಅಲ್ಲಿ ಕಾನೂನೇ ಇಲ್ಲ ಎಂದು ಬರೆಯಬೇಡಿ. ಅದನ್ನೋದಿ ಬೆಳೆದ ಹುಡುಗರು ಇಲ್ಲಿಗೆ ಬಂದು ಹಾಗೇ ನಡೆದುಕೊಳ್ಳುತ್ತಾರೆ. ಈ ಸಲ ಮಗನನ್ನು ಕಳಿಸುವ ತಂದೆತಾಯಿ ಚಟ್ನಿಪುಡಿ, ಕುಕ್ಕರಿನ ಜತೆ ಈ ಒಂದು ಮಾತನ್ನೂ ಕಟ್ಟಿ ಕಳಿಸಲಿ: ರೇಂಜಿಗೆ ಹೋದರೆ ಹೊರಗೆ ಕೂತು ಕಾಫಿ ಕುಡಿ.

ಮೊನ್ನೆ ಊರಿಗೆ ಫೋನ್ ಮಾಡಿದ್ದೆ. ಅಪ್ಪಯ್ಯ ತೀರಿಕೊಂಡ ಮೇಲೆ ಕೇಪಿನ ಕೋವಿಯನ್ನು ಅಣ್ಣ ಸರ್ಕಾರಕ್ಕೆ ಒಪ್ಪಿಸಿದ್ದ, ಜಗಲಿಯ ಗೋಡೆಯಲ್ಲಿ ಅದರ ಗೂಟ ಮಾತ್ರ ಉಳಿದಿತ್ತು. ಈಗ ಆ ಗೂಟಕ್ಕೆ ಮಗನ ಫೋಟೊವನ್ನು ದೊಡ್ಡದು ಮಾಡಿಸಿ, ಫ್ರೇಮು ಹಾಕಿಸಿ ನೇತುಹಾಕಿದ್ದಾನಂತೆ. ತೆಗೆಸಿ ಎಂದೆ. ನೆಂಟರೆಲ್ಲ ಬಂದು ನೋಡಿ ಹೋಗಲಿ, ದೀಪಾವಳಿ ಕಳೆದ ಮೇಲೆ ತೆಗೆಸುತ್ತೇವೆ ಎಂದಿದ್ದಾರೆ ಅತ್ತಿಗೆ.

ಇಂತಿ,
ಕೊಪ್ಪ ತಾಲ್ಲೂಕಿನ ಓದುಗಿ,
ಡಲ್ಲಾಸ್ ಸಮೀಪ, ಟೆಕ್ಸಾಸ್